ಕಾಲಿಗೂ ಪುನರ್ಪುಳಿ

ಹಗಲುಗನಸು ಕಾಣುವವನ ಕಾಲಿಗೆ ಕಣ್ಣಿರುವುದಿಲ್ಲ. ಡೆರಿಲ್ ನಿಂತದ್ದು ಜೆಪ್ಪುವಿನಲ್ಲಿ, ಪಕ್ಕದ ಮನೆಯ ವಿನೋದಕ್ಕನ ಹಿತ್ತಿಲಲ್ಲಿ. ಮನಸ್ಸು ಮಾತ್ರ ಯಾವುದೋ ಚಳಿದೇಶದ ಸಭಾಂಗಣದಲ್ಲಿತ್ತು. ಅಲ್ಲಿ ಕೋಟು ತೊಟ್ಟವರೆಲ್ಲ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟುತ್ತಿದ್ದರು. ಅವನು ವಿನಯದಿಂದ ತಲೆಬಾಗಿ ಒಂದು ಹೆಜ್ಜೆ ಮುಂದಿಟ್ಟ. ಕೋಳಿಗೂಡಿನ ಬಾಗಿಲಲ್ಲಿದ್ದ ಬೋಗುಣಿ ದಬಕ್ಕನೆ ಮಗುಚಿತು.

ನೇರಳೆಗೆಂಪು ಬಣ್ಣದ ಔಷಧಿ ನೀರು ಚರಂಡಿಯ ದಾರಿ ಹಿಡಿಯಿತು.

ಆ ನೀರಿನಲ್ಲಿ ಕಾಲದ್ದಿದ ಮೇಲೆಯೇ ಗೂಡಿನ ಹತ್ತಿರ ಹೋಗಬೇಕು, ಹೊರಗಿನ ರೋಗ ಒಳಗೆ ಬರಬಾರದು. ಇದಕ್ಕೆ ಬಯೋಸೆಕ್ಯುರಿಟಿ ಎಂದು ಹೆಸರು. ಪೇಟೆಯ ಹಿತ್ತಿಲಲ್ಲಿ ಕೋಳಿ ಸಾಕುವವರು ಕಾಯಿಲೆಯನ್ನು ಹೇಗೆ ದೂರವಿಡುತ್ತಾರೆ ಎನ್ನುವುದೇ ಮಾನವ ಭೂಗೋಳಶಾಸ್ತ್ರದಲ್ಲಿ ಡೆರಿಲ್‌ನ ಪಿಎಚ್‌ಡಿ. ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೈಸೂರಿನಿಂದ ಪ್ರೊಫೆಸರ್ ಮೇಡಂ ಇವತ್ತೇ ಬರುವವರಿದ್ದರು. ಅವರು ಬೇಡವೆಂದರೆ ಬೈಕಂಪಾಡಿಯ ಗೋದಾಮಿನ ಕೆಲಸ ಕಾದಿತ್ತು. ಅಮ್ಮ ಹೆಲನ್ ಆಗಲೇ ಮಾತಾಡಿಟ್ಟಿದ್ದಳು. ಕೂತು ಕನಸು ಕಾಣಲು ಅಲ್ಲಿ ಒಂದು ಕಿಟಕಿಯೂ ಇಲ್ಲವಂತೆ.

ಮೇಡಂ ಫೋನ್ ಬಂತು. "ಮೋರ್ಗನ್ಸ್ ಗೇಟ್ ಹತ್ರ ಇದ್ದೀವಿ ಡೆರಿಲ್. ಈಗ ಯಾವ ಕಡೆ ತಿರುಗ್ಬೇಕು?"

ಡೆರಿಲ್‌ನ ಮುಖ ಕಂಡು ವಿನೋದಕ್ಕ ಅಡಿಗೆಮನೆಯಿಂದ ಓಡಿ ಬಂದಳು. "ಎಂತಾಯ್ತು ಮಾರಾಯ?"

"ಔಷಧಿ ಚೆಲ್ಲಿತು ವಿನೋದಕ್ಕ. ಬೇರೆ ಇಲ್ಲ. ಆ ಕೆಂಪು ನೀರು ಕಾಣದಿದ್ರೆ ನನ್ನ ಕತೆ ಮುಗೀತು."

"ಕೆಂಪು ನೀರು ತಾನೆ? ಅದಕ್ಕೆ ಎಂತ ಬರ? ಇಲ್ಲೇ ಉಂಟು!"

ಅವನು ಬೇಡ ಎನ್ನುವಷ್ಟರಲ್ಲಿ, ಅತಿಥಿಗೆಂದು ಮಾಡಿಟ್ಟಿದ್ದ ಪುನರ್ಪುಳಿ ಹಣ್ಣಿನ ಶರಬತ್ತು ಬೋಗುಣಿಗೆ ಬಿತ್ತು. ಬಣ್ಣವೇನೋ ಹಾಗೆಯೇ ಇತ್ತು. ಆದರೆ ವಿನೋದಕ್ಕ ಸಕ್ಕರೆ ಹಾಕುವಾಗ ಕೈ ಬಿಗಿಹಿಡಿಯುವವಳಲ್ಲ. ಇರುವೆಗಳು ಕರೆಯೋಲೆ ಸಿಕ್ಕವರಂತೆ ಹೊರಟವು, ಹುಂಜ ಬಂದು ಕೊಕ್ಕು ಅದ್ದಿತು.

ಪಾಗಾರದ ಗೋಡೆಯಾಚೆಯಿಂದ ನೆರೆಮನೆಯ ಝೇವಿಯರ್ ಮಾಮನ ತಲೆ ಎದ್ದಿತು. "ಪುತಾ, ಕೋಳಿಗಳಿಗೆ ಇವತ್ತು ಪಾರ್ಟಿಯಾ?"

ಅಷ್ಟರಲ್ಲಿ ಮೇಡಂ ಬಂದೇಬಿಟ್ಟರು. ಬೋಗುಣಿ ಕಂಡು ಸಂತೋಷಪಟ್ಟು, ಚಪ್ಪಲಿ ಬಿಟ್ಟು ಶಾಸ್ತ್ರೋಕ್ತವಾಗಿ ಎರಡೂ ಕಾಲು ಅದ್ದಿದರು. ನಾಲ್ಕು ಹೆಜ್ಜೆ ನಡೆದು ನಿಂತರು.

"ಅಂಟ್ತಾ ಇದೆಯಲ್ಲಪ್ಪ?"

"ಸ್ವಲ್ಪ... ಗಟ್ಟಿ ಉಂಟು ಮೇಡಂ," ಎಂದ ಡೆರಿಲ್. ಇರುವೆಗಳು ಮೇಡಂ ಪಾದ ಹತ್ತುವುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತುರಿಸಿಕೊಳ್ಳತೊಡಗಿದರು.

ಇಂಥ ಹೊತ್ತಿಗೆ ವಿನೋದಕ್ಕ ಉಳಿದ ಶರಬತ್ತನ್ನು ಲೋಟದಲ್ಲಿ ತಂದು ನಗುತ್ತಾ ಚಾಚಿದಳು. ಮೇಡಂ ಲೋಟ ನೋಡಿದರು, ಬೋಗುಣಿ ನೋಡಿದರು, ಅದರಲ್ಲಿ ಗಂಟಲು ತಣಿಸುತ್ತಿದ್ದ ಹುಂಜವನ್ನೂ ನೋಡಿದರು.

"ಏನಮ್ಮ, ಎರಡೂ ಒಂದೇನಾ?"

ಹುಡುಗನನ್ನು ಉಳಿಸಲೇಬೇಕೆಂದು ವಿನೋದಕ್ಕ ಒಂದು ಸುಳ್ಳು ಹೇಳಿದಳು. "ಹೌದು ಮೇಡಂ, ಅದು ನಮ್ಮ ಕ್ರಮ. ಬಂದವರ ಕಾಲಿಗೂ ಪುನರ್ಪುಳಿ, ಬಾಯಿಗೂ ಪುನರ್ಪುಳಿ. ಸೀಕು ಹತ್ರ ಬರುದಿಲ್ಲ. ಅಜ್ಜಿಯ ಕಾಲದಿಂದ ಉಂಟು."

ಡೆರಿಲ್‌ಗೆ ತಡೆಯಲಾಗಲಿಲ್ಲ. ಕಿಟಕಿಯಿಲ್ಲದ ಗೋದಾಮು ಕಣ್ಣೆದುರು ಬಂದರೂ ಬಾಯಿಬಿಟ್ಟ. "ಇಲ್ಲ ಮೇಡಂ. ಅಂಥ ಕ್ರಮ ಯಾವುದೂ ಇಲ್ಲ. ಔಷಧಿ ನಾನೇ ಚೆಲ್ಲಿದ್ದು. ಇದು ಬರೀ ಶರಬತ್ತು."

ಮೇಡಂ ಅವನ ಹೆಗಲ ಮೇಲೆ ಕೈಯಿಟ್ಟರು. ಗಾಳಿಗೆ ಹಲಸಿನ ಎಲೆಯೊಂದು ಬೋಗುಣಿಯಲ್ಲಿ ಬಿದ್ದು ತೇಲಿತು. ಅವರ ಕಣ್ಣು ತೇವವಾಯಿತು.

"ನೋಡು ಡೆರಿಲ್, ನಮ್ಮ ಓದಿದ ಹುಡುಗರ ಕಾಯಿಲೆಯೇ ಇದು. ಊರೋರ ಪದ್ಧತಿ ಹೇಳೋಕೆ ನಾಚಿಕೆ! ಇಷ್ಟು ದಿನ ಔಷಧಿ, ಬೋಗುಣಿ ಅಂತ ಬರೆದಿದ್ದೀಯ. ಅದನ್ನೆಲ್ಲ ತೆಗೆದುಹಾಕು. ಫೆಲೋಶಿಪ್ ಮುಂದುವರಿಸ್ತೀನಿ. ಆದರೆ ಈ ಪುನರ್ಪುಳಿ ಪದ್ಧತಿ ಮೇಲೆ ಮೊದಲಿಂದ ಶುರು ಮಾಡು. ಜೆಪ್ಪುವಿನಲ್ಲಿ ಯಾವ ಯಾವ ಮನೇಲಿದೆ ಅಂತ ನೋಡೋಕೆ ಮುಂದಿನ ತಿಂಗಳು ಹೊರದೇಶದವರನ್ನೂ ಕರ್ಕೊಂಡು ಬರ್ತೀನಿ."

ಅವರು ಶರಬತ್ತು ಗಟಗಟ ಕುಡಿದು, ಕಾಲು ತುರಿಸಿಕೊಳ್ಳುತ್ತಲೇ ಕಾರು ಹತ್ತಿದರು.

ಡೆರಿಲ್ ಕಲ್ಲುಬೆಂಚಿನ ಮೇಲೆ ಕುಸಿದ. ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಇನ್ನು ಬರೆಯಬೇಕಾದ ಪದ್ಧತಿ ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ.

ಪಾಗಾರದಾಚೆಯ ತಲೆ ಮತ್ತೆ ಎದ್ದಿತು. "ತಲೆಬಿಸಿ ಮಾಡ್ಬೇಡ ಪುತಾ. ನಮ್ಮ ಮನೆಯಲ್ಲೂ ಆ ಕ್ರಮ ಉಂಟು ಅಂತ ಬರಿ. ಆಚೆ ಮನೆ ಆರ್ಥರನಿಗೂ ಹೇಳ್ತೇನೆ. ಸಕ್ಕರೆ ಮಾತ್ರ ನೀನೇ ತರ್ಬೇಕು."

ಮಧ್ಯಾಹ್ನದ ಕಡಲಗಾಳಿಗೆ ಡೆರಿಲ್‌ನ ಕಣ್ಣು ಮೆಲ್ಲನೆ ಮುಚ್ಚಿತು. ಅದೇ ಚಳಿದೇಶ, ಅದೇ ಸಭಾಂಗಣ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೋಟು ತೊಟ್ಟವರೆಲ್ಲ ಬಗ್ಗಿ ಕಾಲು ತುರಿಸಿಕೊಳ್ಳುತ್ತಿದ್ದರು.