ಮೂರು ಜನ ಮತ್ತು ಒಂದು ಕಲ್ಲು

ಕೆಲವರಿಗೆ ಬೀದಿನಾಯಿ ಬೆನ್ನು ಹತ್ತುತ್ತದೆ, ಕೆಲವರಿಗೆ ನೆಂಟರು. ನನಗೆ ಬೆನ್ನು ಹತ್ತಿರುವುದು ಮೂರು ಎಂಬ ಸಂಖ್ಯೆ. ಎಲ್ಲಿ ಹೋದರೂ ಅದರದೇ ಒಂದು ಪ್ರಸಂಗ ಕಾದಿರುತ್ತದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎನ್.ಆರ್. ಕಾಲೋನಿಯ ಮನೆಯಲ್ಲಿ ಇದ್ದವರು ಅಮ್ಮ, ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಮತ್ತು ನಾನು. ಅಲ್ಲೂ ಮೂರೇ. ನನಗೆ ಮೂರೆಂದರೆ ಪ್ರಾಣ. ಬೆಸ ಅವಿಭಾಜ್ಯ ಸಂಖ್ಯೆಗಳಲ್ಲಿ ಅದೇ ಹಿರಿಯ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಇನ್ನಾರ ಮುಂದೆಯೂ ಅದು ಭಾಗವಾಗುವುದಿಲ್ಲ. ಆದರೆ ಅಮ್ಮನಿಗೆ ಮೂರೆಂದರೆ ಅಪಶಕುನ. ನನಗೆ ಮದುವೆ ಕೂಡಿಬರದಿರುವುದಕ್ಕೆ ಅದೇ ಕಾರಣವೆಂದು ಅವಳ ನಂಬಿಕೆ. “ಇನ್ನೊಂದೇ ಮನೆ ನೋಡೋದು. ಆಮೇಲೆ ನನ್ ಕೈಲಾಗಲ್ಲ ಕಣೋ” ಎಂದುಬಿಟ್ಟಿದ್ದಳು. ಹೊರಗೆ ನಕ್ಕರೂ ನನಗೂ ಒಳಗೊಳಗೇ ಹೆದರಿಕೆಯಾಗಿತ್ತು. ಒಂಟಿಯಾಗಿರಲು ನನಗೆ ಇಷ್ಟವಿರಲಿಲ್ಲ.

ದೋಸೆ

ಅಮ್ಮ ಯಾರ ತಟ್ಟೆಗೂ ಮೂರು ದೋಸೆ ಹಾಕಿದವಳಲ್ಲ. ಎರಡು ತಿಂದು ಇನ್ನೊಂದು ಕೇಳಿದರೆ, ಅದನ್ನು ಸಟ್ಟುಗದಿಂದ ಎರಡು ತುಂಡು ಮಾಡಿ ಹಾಕಿ, “ಈಗ ನಾಲ್ಕಾಯ್ತು, ತಿನ್ನು” ಎನ್ನುತ್ತಿದ್ದಳು.

ಒಂದು ದಿನ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. “ಅಮ್ಮಾ, ಮೂರು ಅವಿಭಾಜ್ಯ ಸಂಖ್ಯೆ. ಅದನ್ನ ಎರಡು ಸಮಪಾಲು ಮಾಡೋಕೆ ಪ್ರಪಂಚದ ಯಾವ ಪಂಡಿತನಿಗೂ ಆಗಿಲ್ಲ” ಎಂದೆ.

“ಅವರ್ಯಾರೂ ದೋಸೆ ಹುಯ್ದಿಲ್ಲ. ಚಟ್ನಿ ಹಾಕ್ಲಾ?” ಎಂದಳು ಅಮ್ಮ.

ನಂಬರ್ ಪ್ಲೇಟು

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನಾನು ಈ ಲೋಕದವನಾಗಿ ಉಳಿಯುವುದಿಲ್ಲ. ಮಾಗಿಯ ಬೆಳಗು, ಗಾಂಧಿ ಬಜಾರಿನ ಹೂವಿನ ವಾಸನೆ, ಮರಗಳ ನಡುವೆ ಮಂಜಿನಂಥ ಬಿಸಿಲು. ಅದರೊಳಗಿಂದ ಸ್ಕೂಟರು, ಕಾರುಗಳು ತೇಲಿ ಬರುತ್ತವೆ, ಅವುಗಳ ನಂಬರುಗಳೂ ತೇಲಿ ಬರುತ್ತವೆ. ನಂಬರಿನ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತ ಮೂರರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಎಷ್ಟು ಸರಳ, ಎಷ್ಟು ಚೆಂದ! ಭಾಗವಾದ ಗಾಡಿ ಕಂಡಾಗಲೆಲ್ಲ ದೂರದ ನೆಂಟನನ್ನು ಕಂಡಷ್ಟು ಖುಷಿಯಾಗುತ್ತಿತ್ತು.

ಹಾಗೆ ಕೂಡುತ್ತ ಕೂಡುತ್ತ ಒಮ್ಮೆ ನನ್ನ ಸ್ಟಾಪು ಹಿಂದಕ್ಕೆ ಹೋಗಿದ್ದೇ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಸುತ್ತ ಕೋಸಿನ ಮೂಟೆಗಳು. ಕಲಾಸಿಪಾಳ್ಯ! ಕಂಡಕ್ಟರ್ ನನ್ನ ಭುಜ ತಟ್ಟಿ, “ಮೇಷ್ಟ್ರೇ, ಊರಿನ ಗಾಡಿನೆಲ್ಲ ಕೂಡಿದ್ದಾಯ್ತಲ್ಲ. ಈಗ ಈ ಗಾಡಿಯಿಂದ ನಿಮ್ಮನ್ನ ಕಳೀಬೇಕು, ಇಳೀರಿ” ಎಂದ.

ಆಟೋ

ಅಮ್ಮ ಹೇಳಿದ ಆ ಕೊನೆಯ ಮನೆ ಮಲ್ಲೇಶ್ವರದಲ್ಲಿತ್ತು. ಹುಡುಗಿ ಶೇಷಾದ್ರಿಪುರದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಹೊರಟವರು ನಾವು ಮೂರೇ ಜನ. ಮೂವರು ಹೊರಟರೆ ಕೆಲಸ ಕೆಡುತ್ತದೆಂದು, ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲನ್ನು ಜೊತೆಗಿಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಬೇರೆಯವರಾದರೆ ಸಣ್ಣ ಹರಳೊಂದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಿಂದಿನ ಸಲಗಳೆಲ್ಲ ಹರಳು ಸಾಲದೇ ಸಂಬಂಧ ಮುರಿಯಿತೆಂದು ಅಮ್ಮ ಈ ಸಲ ತೆಂಗಿನಕಾಯಿ ಗಾತ್ರದ್ದನ್ನೇ ಮಾವನ ಕೈಗೆ ಕೊಟ್ಟಿದ್ದಳು.

“ಮಲ್ಲೇಶ್ವರಕ್ಕೆ ಬರ್ತೀಯೇನಪ್ಪಾ? ನಾವು ನಾಲ್ಕು ಜನ” ಎಂದಳು ಅಮ್ಮ, ಅಭ್ಯಾಸಬಲದಿಂದ.

“ಆಟೋದಲ್ಲಿ ಮೂರೇ ಜನ ಅಮ್ಮಾ. ನಾಲ್ಕಾದ್ರೆ ಎಕ್ಸ್‌ಟ್ರಾ ಆಗುತ್ತೆ. ನಾಲ್ಕನೆಯವರು ಎಲ್ಲಿ?”

ಮಾವ ಸಂಕೋಚದಿಂದ ಕಲ್ಲು ತೋರಿಸಿದರು. ಡ್ರೈವರ್ ಅದನ್ನು ಕೊಂಚ ಹೊತ್ತು ನೋಡಿ, ಎರಡೂ ಕೈಯಲ್ಲಿ ಇಸಿದುಕೊಂಡು ತನ್ನ ಕಾಲ ಬಳಿ ಇಟ್ಟುಕೊಂಡ.

“ಹಿರಿಯರು ಮುಂದೆ ಕೂತ್ಕೊಳ್ಳಲಿ ಬಿಡಿ.”

ಗೇಟು

ಹುಡುಗಿಯ ಮನೆ ಮುಂದೆ ಇಳಿದು, ಆಟೋ ಹೊರಟುಹೋದ ಮೇಲೆ ಮಾವ ತಮ್ಮ ಖಾಲಿ ಕೈ ನೋಡಿಕೊಂಡರು. ಕಲ್ಲು ಆಟೋದಲ್ಲೇ ಹೋಗಿತ್ತು! ಮೂರೇ ಜನವಾಗಿ ಒಳಗೆ ಕಾಲಿಡಲು ಅಮ್ಮ ಸುತರಾಂ ಒಪ್ಪಲಿಲ್ಲ. ಗೇಟಿನ ಬುಡದಲ್ಲಿ ಅಂಥದೇ ಒಂದು ಕಲ್ಲು ಕಂಡಿತು. ಅದನ್ನೆತ್ತಿ ಬಟ್ಟೆಚೀಲಕ್ಕೆ ಹಾಕಿಕೊಂಡು ನೆಮ್ಮದಿಯಿಂದ ಒಳಗೆ ನಡೆದಳು.

ಉಪ್ಪಿಟ್ಟು ಬಂತು, ಕೇಸರಿಬಾತ್ ಬಂತು, ಹುಡುಗಿಯೂ ಬಂದಳು. “ನಿಮಗೆ ಏನಿಷ್ಟ?” ಎಂದು ಅವಳೇ ಕೇಳಿದಳು. ಕಿಟಕಿಯಿಂದ ಸಂಪಿಗೆ ವಾಸನೆ ತೇಲಿ ಬರುತ್ತಿತ್ತು. ನಾನು ಮತ್ತೆ ಕಿಟಕಿ ಪಕ್ಕದ ಸೀಟಿನವನಾದೆ.

“ಮೂರು” ಎಂದೆ. “ನಾಲ್ಕು, ಒಂಬತ್ತು, ಹದಿನಾರು, ಇವೆಲ್ಲ ವರ್ಗಸಂಖ್ಯೆಗಳು. ಇಂಥ ಒಂದು ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ ಇರೋ ಅವಿಭಾಜ್ಯ ಸಂಖ್ಯೆ ಮೂರೊಂದೇ. ಇನ್ನೊಂದು ಸೇರಿದ್ರೆ ಸಾಕು, ಚೌಕ ತುಂಬುತ್ತೆ.”

ಅಮ್ಮ ಕಣ್ಣು ಮುಚ್ಚಿಕೊಂಡಳು. ಈ ಸಂಬಂಧವೂ ಹೋಯಿತೆಂದುಕೊಂಡೆ. ಹುಡುಗಿ ಮಾತ್ರ ಮೆಲ್ಲಗೆ, “ಆ ಇನ್ನೊಂದು ಎಲ್ಲಿಂದ ಬರ್ಬೇಕು?” ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ಒಂದು ಹಸು ಅರ್ಧ ಒಳಗೆ ಬಂದು, ನಮಗಾಗಿ ಇಟ್ಟಿದ್ದ ತಾಂಬೂಲದ ತಟ್ಟೆಗೆ ಬಾಯಿ ಹಾಕಿತು. ವೀಳ್ಯದೆಲೆ, ಬಾಳೆಹಣ್ಣು ಎಲ್ಲ ಅದರ ಪಾಲಾಯಿತು. ಹುಡುಗಿಯ ಅಪ್ಪ ಅದನ್ನು ಅಟ್ಟಿಕೊಂಡು ಹೋಗಿ ಹೊರಗಿನಿಂದಲೇ ಕೂಗಿದರು.

“ಚಿಲಕ ಮುರಿದಾಗಿಂದ ಗೇಟು ನಿಂತಿದ್ದೇ ಆ ಕಲ್ಲಿನಿಂದ! ಯಾವನ್ರೀ ಕಲ್ಲು ಕದ್ದೋನು?”

ಅಮ್ಮ ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಅವುಚಿಕೊಂಡಳು. ಮಾವ ಫ್ಯಾನು ನೋಡುತ್ತ ಕೂತರು. ಹುಡುಗಿ ಚೀಲದ ಉಬ್ಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತುಟಿ ಕಚ್ಚಿಕೊಂಡಳು.

ಹೊರಟಾಗ ಗೇಟಿನ ತನಕ ಬಂದವಳು ಕೈ ಚಾಚಿದಳು. “ಆಂಟಿ, ಭಾರ ಅಲ್ವಾ, ಇಲ್ಲಿ ಕೊಡಿ.”

ಅಮ್ಮನ ಮುಖ ಕೆಂಪಾಯಿತು. ಆದರೂ ಚೀಲ ಬಿಡಲಿಲ್ಲ. “ತಪ್ಪಾಯ್ತಮ್ಮಾ. ಆದ್ರೆ ವಾಪಸ್ಸು ಹೋಗೋವಾಗ್ಲೂ ನಾವು ಮೂರೇ ಜನ ಆಗ್ತೀವಲ್ಲ?”

“ಈ ಕಲ್ಲಿಲ್ದೆ ನಮ್ಮ ಗೇಟು ನಿಲ್ಲಲ್ಲ” ಎಂದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು. “ನಿಮಗೆ ನಾಲ್ಕನೆಯವರು ಬೇಕಿದ್ರೆ ನಾನಿದೀನಲ್ಲ.”

ನನಗೆ ಬೀದಿ, ಮರ, ಆಕಾಶ ಎಲ್ಲ ತೇಲಿದಂತಾಯಿತು. ಅಮ್ಮ ಕಣ್ಣೊರೆಸಿಕೊಳ್ಳುತ್ತ ಕಲ್ಲನ್ನು ತೆಗೆದು ಅವಳ ಕೈಗಿಟ್ಟಳು. ಮಾವ ಒಬ್ಬರೇ ಚಿಂತೆಯಲ್ಲಿದ್ದರು.

“ಅಲ್ಲ ಕಣಕ್ಕಾ, ಕಲ್ಲಾದ್ರೆ ಆಟೋದೋನು ಸುಮ್ನೆ ಕೂರಿಸ್ಕೊಂಡ. ಈ ಮಗುಗೆ ಎಕ್ಸ್‌ಟ್ರಾ ಕೇಳ್ತಾನಲ್ಲ!”