ಮೂವರು ಬಂದರೆ ಎಷ್ಟು ಎಲೆ?

ಮನೆ ಮುಂದೆ ಮೂವರು ಬಂದು ನಿಂತರು. ಯಜಮಾನ ಓಡಿಹೋಗಿ ಅಡ್ಡಬಿದ್ದು "ಸ್ವಾಮೀ" ಅಂತ ಕರೆದದ್ದು ಒಬ್ಬನನ್ನೇ. ಹಾಗಾದರೆ ಬಂದ ದೇವರು ಎಷ್ಟು? ಹೇಳಿ ನೋಡೋಣ. ಗೊತ್ತಾಗಲಿಲ್ವಾ? ನನಗೂ ಗೊತ್ತಿಲ್ಲ. ಕೃಷ್ಣರಾಜಪೇಟೆಗೆಲ್ಲ ಅದು ಗೊತ್ತಿರೋನು ಪಾಸ್ಟರ್ ಮಗ ಒಬ್ಬನೇ. ಬೈಬಲಿನ ಹಳೇ ಭಾಷೆ ಹೀಬ್ರೂ ಬೇರೆ ಕಲಿತವ್ನೆ. ನಮ್ಮ ಬಡಗಿ ಅಂಗಡಿ ಪಕ್ಕದ ಜೆರಾಕ್ಸ್ ಅಂಗಡಿಗೆ, ಭಾನುವಾರ ಚರ್ಚಿನಲ್ಲಿ ಮಾಡೋ ಪ್ರಸಂಗದ ಹಾಳೆ ಹಿಡಕೊಂಡು ದಿನಾ ಬರ್ತಾನೆ. ಅಲ್ಲಿನ ಹುಡುಗಿ ಮೊದಲೆಲ್ಲ ನನ್ನ ಜೋಕಿಗೆ ಬಿದ್ದುಬಿದ್ದು ನಗ್ತಿದ್ದಳು. ಅವನು ಕಾಲಿಟ್ಟಾಗಿಂದ ನನಗೆ ಬರೀ ಸೋಲೇ, ಕೇಳಿ.

ಎಲೆ

ಬೈಬಲಿನ ಆ ಮೂವರ ಕತೆಯನ್ನ ಜೆರಾಕ್ಸ್ ಅಂಗಡೀಲಿ ಅವನೇ ಹೇಳಿದ್ದು. "ಅಬ್ರಹಾಮನ ಹತ್ತಿರ ಬಂದಿದ್ದು ತ್ರಿಯೇಕ ದೇವರು. ಮೂವರಾಗಿ ಕಂಡರೂ ಒಬ್ಬನೇ."

ನಾನು ಬಿಡ್ತೀನಾ? "ಊಟಕ್ಕೆ ಎಷ್ಟು ಎಲೆ ಹಾಕುದ್ರು?" ಅಂದೆ.

ಪಹಣಿ ಜೆರಾಕ್ಸಿಗೆ ಬಂದಿದ್ದ ಕಿಕ್ಕೇರಿ ಅಜ್ಜಿ ಬಾಯಿ ಹಾಕಿತು: "ಮೂರೂ ಹಾಕ್ಬೇಕು ಕಣ್ಲಾ. ಒಂದೇ ಹಾಕ್ಬುಟ್ರೆ ಮಿಕ್ಕಿಬ್ರು ಊರೆಲ್ಲಾ ಆಡ್ಕತಾರೆ. ದೇವ್ರಾದ್ರೇನ್ಲಾ, ನೆಂಟ್ರು ನೆಂಟ್ರೇ!"

ಹುಡುಗಿ ನಕ್ಕಿದ್ದೇ ನಕ್ಕಿದ್ದು. ಪ್ರಶ್ನೆ ನಂದು, ಉತ್ತರ ಅಜ್ಜೀದು. "ಎಷ್ಟು ಚೆನ್ನಾಗಿ ಕತೆ ಹೇಳ್ತೀರಪ್ಪ!" ಅಂದಿದ್ದು ಮಾತ್ರ ಅವನಿಗೆ.

ಸಾಹೇಬರ ಅಸ್ತ್ರ

ಉರಿ ತಡೀಲಾರದೆ ಪಂಚರ್ ಅಂಗಡಿ ಸಾಹೇಬರ ಹತ್ತಿರ ಓಡಿದೆ. "ಅವ್ರ ಹಳೇ ಪುಸ್ತಕದಾಗೇ ಪ್ರವಾದಿ ಮೋಶೆ, ದೇವ್ರು ಒಬ್ನೇ ಅಂದವ್ರೆ ಬೇಟಾ. ಅದನ್ನೇ ಕೇಳು," ಅಂದರು. ಕೇಳಿದೆ.

ಪಾಸ್ಟರ್ ಮಗ ಖುಷಿಯಿಂದ ಕುಣಿದುಬಿಟ್ಟ. "ಒಬ್ಬನೇ ಅಂತಾನೇ ನಾವೂ ನಂಬೋದು! ಅಲ್ಲಿರೋ ಹೀಬ್ರೂ ಮಾತು 'ಎಖಾದ್', ಅಂದ್ರೆ ಒಂದು. ಗಂಡ ಹೆಂಡತಿ ಸೇರಿ ಒಂದಾಗ್ತಾರೆ ಅನ್ನೋವಾಗಲೂ ಅದೇ ಮಾತು."

ಹುಡುಗಿ ತಲೆ ತಗ್ಗಿಸಿ, ಒರೆಸಿದ್ದ ಮೆಷಿನ್ನನ್ನೇ ಮತ್ತೆ ಒರೆಸತೊಡಗಿದಳು. ಅಲ್ರೀ, ದೇವರು ಎಷ್ಟು ಅಂತ ಕೇಳಿದ್ರೆ ಇವನು ಮದುವೆ ಮಾತು ಯಾಕ್ರೀ ತರಬೇಕು?

ಚೀಟಿ

ಕೊನೆಗೆ ಅವನ ಹಾಳೆಗಳ ನಡುವೆ ಒಂದು ಚೀಟಿ ತುರುಕಿದೆ: "ದೇವರು ಒಬ್ಬನೇ ಆಗಿದ್ದರೆ, ಬೈಬಲಿನ ಮೊದಲಲ್ಲೇ 'ಮನುಷ್ಯನನ್ನ ಮಾಡೋಣ' ಅಂತ ಯಾರಿಗೆ ಹೇಳಿದ?" ಭಾನುವಾರ ಎಲ್ಲರ ಮುಂದೆ ಬೆವರಲಿ ಅಂತ.

ಎಲ್ಲಿ ಬೆವರ್ತಾನೆ! ಅದು ಅವನಿಗೆ ಪಂಚಪ್ರಾಣದ ಪ್ರಶ್ನೆಯಂತೆ; ಒಬ್ಬನೊಳಗಿನ ಮೂವರೇ ತಮ್ಮತಮ್ಮಲ್ಲಿ 'ಮಾಡೋಣ' ಅಂದುಕೊಂಡರಂತೆ. ಸೋಮವಾರ ಬೆಳಿಗ್ಗೆ ಚೀಟಿ ಹಿಡಕೊಂಡೇ ಬಂದ. "ಇದರ ಮೇಲೇ ಒಂದು ಗಂಟೆ ಮಾತಾಡಿದೆ. ನೀವೇ ಬರೆದದ್ದಾ?" ಅಂತ ಅವಳನ್ನ ಕೇಳಿದ.

ನನ್ನ ಕೋಳಿಕಾಲಿನ ಅಕ್ಷರ ಅವಳಿಗೆ ಗೊತ್ತು. ಆದರೂ "ಹೂಂ" ಅಂದಳು.

ಮುಂದಿನ ಭಾನುವಾರ ಪ್ರಾರ್ಥನೆಗೆ ಬನ್ನಿ ಅಂತ ಕರೆದು ಹೋದ. ಆಮೇಲೆ ಅವಳು ನನ್ನ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡ ಕಣೋ, ನಗಿಸೋದ್ರಲ್ಲಿ ನೀನೇ ಮುಂದು," ಅಂದಳು.

ಅವಳ ಈ ಕೊನೇ ಮಾತೊಂದು ನಾನು ಕಟ್ಟಿದ್ದು. ಅವಳು ತಿರುಗಲೇ ಇಲ್ಲ. ಅವನು ಬಸ್‌ಸ್ಟಾಂಡ್ ದಾಟೋವರೆಗೂ ಬೀದಿ ನೋಡ್ತಾ ನಿಂತಿದ್ದಳು.