ಮೊಳೆಗೆ ನೇತುಹಾಕಿದ ಮನೆ

ಎಲ್ಲರೂ ಮಲಗಿದ ಮೇಲೆ ಹೊರಕೋಣೆಯಿಂದ ‘ಕಚಕ್, ಕಚಕ್’ ಎಂಬ ಸದ್ದು ಬಂತು. ಇಲಿಯಿರಬೇಕೆಂದು ಪೊರಕೆ ಹಿಡಿದು ಬಂದ ಹೆಂಡತಿಗೆ ಕಂಡದ್ದು, ಕತ್ತರಿ ಹಿಡಿದು ಕೂತ ಗಂಡ.

“ಯಾರ ಬಟ್ಟೆ ಇಷ್ಟೊತ್ತಲ್ಲಿ?”

“ಬಟ್ಟೆಯಲ್ಲ ಕಣೆ. ನಮ್ಮನೆ.”

ಟೈಲರನಿಗೆ ಇಪ್ಪತ್ತೆರಡು ವರ್ಷಗಳಿಂದ ಗೊತ್ತಿದ್ದ ದಾರಿ ಒಂದೇ. ಏನು ಮಾಡುವುದಿದ್ದರೂ ಮೊದಲು ಕಂದು ಕಾಗದದಲ್ಲಿ ಕತ್ತರಿಸಿ ನೋಡಬೇಕು. ಅಡಿಗೊಂದು ಇಂಚಿನಂತೆ ಇಪ್ಪತ್ತು ಮೂವತ್ತರ ಸೈಟಿಗೆ ಮನೆ ಕತ್ತರಿಸಿದ್ದ. ಮುಂದೆ ಸಂಸಾರ ದಪ್ಪಗಾದರೆ ಬಿಚ್ಚಿಕೊಳ್ಳಲು ಇರಲಿ ಎಂದು ಸುತ್ತ ಒಂದಿಂಚು ಹೊಲಿಗೆಗೂ ಬಿಟ್ಟಿದ್ದ.

“ನನಗೆ ಇನ್ನೇನೂ ಬೇಡ. ಅಡುಗೆಮನೆಗೊಂದು ಕಿಟಕಿ ಇದ್ರೆ ಸಾಕು,” ಎಂದಳು ಹೆಂಡತಿ. ಬಾಡಿಗೆ ಮನೆಯ ಕತ್ತಲೆ ಅಡುಗೆಮನೆಯಲ್ಲಿ ಹಗಲೂ ದೀಪ ಹಾಕಿಕೊಂಡೇ ಅವಳಿಗೆ ಹದಿನಾಲ್ಕು ವರ್ಷ ಕಳೆದಿತ್ತು.

ಬೆಳಗಾದರೆ ಮೇಸ್ತ್ರಿ ಬರುವ ದಿನ. ಊರಿಗೆಲ್ಲ “ನಾಳೆ ಬನ್ನಿ” ಎನ್ನುತ್ತಿದ್ದ ಟೈಲರನಿಗೆ ಮೇಸ್ತ್ರಿ ಎರಡು ತಿಂಗಳಿಂದ ಅದೇ ಮಾತನ್ನು ತಿರುಗಿಸಿ ಕೊಟ್ಟಿದ್ದ. ಕೊನೆಗೂ ಒಪ್ಪಿದಾಗ ಒಂದು ಷರತ್ತು ಹಾಕಿದ್ದ: “ನಕ್ಷೆ ಕೊಟ್ಟ ದಿನವೇ ಸೈಟಲ್ಲಿ ಸುಣ್ಣದ ಗೆರೆ ಎಳೀತೀನಿ. ಅಳಿಸಿ ಇನ್ನೊಂದು ಸಲ ಎಳಿ ಅಂದ್ರೆ ಮಾತ್ರ ನಾನು ಬೇರೆ ಕೆಲಸಕ್ಕೆ ಹೊರಟೆ. ಆಮೇಲೆ ಮುಂದಿನ ವರ್ಷವೇ.”

ಬೆಳಿಗ್ಗೆ ಅಂಗಡಿಯ ಮೇಜಿನ ಮೇಲೆ ನಕ್ಷೆ ಹಾಸಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು.

ಎದುರುಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು. “ಏನಯ್ಯಾ ಇದು, ಬೆಂಕಿಪೊಟ್ಟಣ ಇದ್ದ ಹಾಗಿದೆ! ಮೂಲೆ ಇದ್ದಲ್ಲಿ ಕಸ. ಗುಂಡಗೆ ಮಾಡು.”

“ಕಸದ ಮಾತು ಆಮೇಲೆ, ಮೇಷ್ಟ್ರೇ. ಗಾಳಿ ಎಲ್ಲಿಂದ ಬರ್ಬೇಕು?” ಎಂದರು ಮಹಡಿಮನೆಯ ಅಕ್ಕ. “ಪಕ್ಕದ ಗೋಡೇನ ಒಳಕ್ಕೆ ತಳ್ಳಪ್ಪ.”

“ಭಾವ, ಹಾಲ್ ಹೊಟ್ಟೆ ಬಿಟ್ಟ ಹಾಗೆ ಮುಂದಕ್ಕೆ ಬರ್ಬೇಕು,” ಎಂದ ಹೆಂಡತಿಯ ತಮ್ಮ. “ಸಾಲಾಗಿ ಕಂಬ ಇರ್ಬೇಕು. ಕಂಬ ಇಲ್ಲದ ಮನೇನೂ ಒಂದು ಮನೆಯಾ?”

ಮೂವರ ಕೈಯಲ್ಲೂ ಟೈಲರನದೇ ಸೀಮೆಸುಣ್ಣ. ಒಬ್ಬರು ಎಳೆದದ್ದನ್ನು ಇನ್ನೊಬ್ಬರು ಒರೆಸಿದರು. ಮಧ್ಯಾಹ್ನದ ಹೊತ್ತಿಗೆ ಬಚ್ಚಲು ಹಾಲ್‌ನ ನಡುವೆ ಬಂದು ಕೂತಿತ್ತು, ಬಾಗಿಲು ಎಲ್ಲಿಯೋ ಕಳೆದುಹೋಗಿತ್ತು, ಅಡುಗೆಮನೆಯ ಕಿಟಕಿ ಮಲಗುವ ಕೋಣೆಗೆ ತೆರೆದುಕೊಂಡಿತ್ತು. ತನ್ನ ಗೆರೆ ಯಾವುದು, ಪರರ ಗೆರೆ ಯಾವುದು ಎಂದು ತಿಳಿಯದೆ ಟೈಲರ್ ಬಿಟ್ಟಕಣ್ಣು ಬಿಟ್ಟುಕೊಂಡು ನಿಂತ. ಅವರು ಊಟಕ್ಕೆ ಹೋದ ಸಮಯ ನೋಡಿ ಹೊಸ ಕಾಗದದಲ್ಲಿ ಮೊದಲಿನಂತೆಯೇ ಕತ್ತರಿಸಿ, ಗೋಡೆಯ ಮೊಳೆಗೆ ನೇತುಹಾಕಿದ. ಗಿರಾಕಿಗಳ ಬಟ್ಟೆಯ ಕಟಿಂಗ್ ಕಾಗದಗಳನ್ನೆಲ್ಲ ಅವನು ನೇತುಹಾಕುತ್ತಿದ್ದದ್ದು ಅದೇ ಮೊಳೆಗೆ.

ಮೇಸ್ತ್ರಿ ಬಂದಾಗ ಮೂವರೂ ಊಟ ಮುಗಿಸಿ, ಹೊಸ ಹುರುಪಿನಿಂದ ಹಳೇ ನಕ್ಷೆಯ ಮೇಲೆ ಬಿದ್ದಿದ್ದರು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಕಿತ್ತುಕೊಳ್ಳುತ್ತಿದ್ದ ಟೈಲರ್ ತಿರುಗಿಯೂ ನೋಡದೆ, “ಮೊಳೆಯಲ್ಲಿದೆ, ತಗೊಂಡು ಹೋಗಪ್ಪಾ!” ಎಂದು ಕೂಗಿದ.

ಸಂಜೆ ಹೆಂಡತಿಯೊಡನೆ ಸೈಟಿಗೆ ಹೋದಾಗ ಮೂವರೂ ಮೊದಲೇ ಅಲ್ಲಿ ಸೇರಿದ್ದರು. ವಿಚಿತ್ರವೆಂದರೆ, ಯಾರೂ ಜಗಳವಾಡುತ್ತಿರಲಿಲ್ಲ.

“ಭೇಷ್!” ಮೇಷ್ಟ್ರು ಬೆನ್ನು ತಟ್ಟಿದರು. “ಮೂಲೆ ಗುಂಡಗೆ ಮಾಡಿಸಿದ್ದೀಯ.”

“ಗಾಳಿಗೆ ಒಳಕ್ಕೆ ಸರಿಸಿದ್ದಾನೆ ನೋಡಿ,” ಎಂದರು ಅಕ್ಕ.

“ಹೊಟ್ಟೆ ಸರಿಯಾಗಿ ಬಂದಿದೆ ಭಾವ! ಐದು ಕಂಬ!”

ಟೈಲರ್ ಗೆರೆಗಳನ್ನು ನೋಡಿದ. ಆ ಗುಂಡಗಿನದು ಕತ್ತು. ಒಳಕ್ಕೆ ಸರಿದದ್ದು ಕಂಕುಳು. ಐದು ಕಂಬ, ಐದು ಗುಂಡಿ. ಮೊಳೆಯಲ್ಲಿ ನಕ್ಷೆಯ ಜೊತೆಗಿದ್ದ, ಗುಡಾಣ ಹೊಟ್ಟೆಯ ಸಾಹುಕಾರರ ಕೋಟಿನ ಕಾಗದವನ್ನೇ ಮೇಸ್ತ್ರಿ ತಂದಿದ್ದ; ಆ ಕೋಟಿನ ಮುಂಭಾಗ ಮೂವತ್ತು ಅಡಿ ಉದ್ದಕ್ಕೆ ಅಂಗಾತ ಮಲಗಿತ್ತು.

“ಮೇಸ್ತ್ರಿ...” ಎಂದು ಬಾಯಿ ತೆರೆದ.

“ಅಳಿಸು ಅನ್ಬೇಡಿ ಸ್ವಾಮಿ, ಸಾಮಾನು ಕಟ್ಟಿಬಿಡ್ತೀನಿ,” ಎಂದ ಮೇಸ್ತ್ರಿ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕೋಟಿನ ಎದೆಜೇಬಿನ ಗೆರೆ ತೋರಿಸಿದ. “ಇಲ್ಲಿ ನೋಡಿ ಅಮ್ಮಾ, ಅಡುಗೆಮನೆ. ಎಷ್ಟು ದೊಡ್ಡ ಕಿಟಕಿ ಬಿಡಿಸಿದ್ದಾರೆ, ಯಜಮಾನ್ರು!”

ಅವಳು ಸುಣ್ಣದ ಗೆರೆಯೊಳಗೆ ಕಾಲಿಟ್ಟು, ಇನ್ನೂ ಇಲ್ಲದ ಕಿಟಕಿಯಿಂದ ಆಚೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಮರೀಲಿಲ್ವಲ್ಲ ನೀವು,” ಎಂದಳು.

ಅಷ್ಟರಲ್ಲಿ, ಕೋಟು ಎಲ್ಲಿಗೆ ಬಂತೆಂದು ಕೇಳಲು ಟೈಲರನನ್ನು ಹುಡುಕಿಕೊಂಡು ಸಾಹುಕಾರರೇ ಬಂದರು. ಗೆರೆಗಳ ನಡುವೆ ನಿಂತು, ಹೊಟ್ಟೆ ಸವರಿಕೊಂಡು, ಸುತ್ತ ಕಣ್ಣಾಡಿಸಿದರು.

“ಏನೋ ಟೈಲರ್, ಈ ಮನೆ ಯಾಕೋ ನನಗೇ ಹೇಳಿ ಮಾಡಿಸಿದ ಹಾಗಿದೆಯಲ್ಲ! ಇರಲಿ, ನನ್ನ ಕೋಟು?”

“ನಾಳೆ ಬನ್ನಿ ಸಾರ್,” ಎಂದ ಟೈಲರ್.

ಹೆಂಡತಿ ಇನ್ನೂ ಕಿಟಕಿಯಲ್ಲೇ ನಿಂತಿದ್ದಳು. ಅಂಗಡಿಗೆ ಹೋಗಿ ಮೊಳೆಯಲ್ಲಿ ಉಳಿದಿರುವ ಆ ಚೌಕದ ಮನೆಯನ್ನು ಒಲೆಗೆ ಹಾಕಬೇಕು, ಈ ವಿಷಯ ಸಾಯುವ ತನಕ ಯಾರಿಗೂ ಹೇಳಬಾರದು ಎಂದು ಅವನು ಆಗಲೇ ತೀರ್ಮಾನಿಸಿಬಿಟ್ಟ.